ಆಚೆ ದಂಡೆಯ ದನಿ

ಚಾಚಾರ ಹೆಬ್ಬೆರಳು ಅಗಲವಾಗಿ, ಒರಟಾಗಿತ್ತು. ಉಗುರಿನ ಅಂಚಿಗೆ ಯಾವ ಸಾಬೂನಿಗೂ ಹೋಗದ ಗ್ರೀಸಿನ ಕಪ್ಪು. ವಿಡಿಯೋ ಗೇಮಿನ ಕಂಟ್ರೋಲರ್ ಮೇಲೆ ಅದನ್ನಿಟ್ಟರೆ ಎರಡು ಗುಂಡಿಗಳು ಒಟ್ಟಿಗೇ ಒತ್ತಿಹೋಗುತ್ತಿದ್ದವು. ಜಿಗಿಯಬೇಕಾದಲ್ಲಿ ಗುಂಡು ಹಾರಿಸುತ್ತಿದ್ದರು, ಗುಂಡು ಹಾರಿಸಬೇಕಾದಲ್ಲಿ ಜಿಗಿಯುತ್ತಿದ್ದರು. "ಈ ಹೆಬ್ಬಟ್ಟ ಗೇಟ ಎತ್ತಾಕ ಹುಟ್ಟ್ಯಾದ ಬೇಟಾ, ರಾಕೆಟ್ ಹೊಡ್ಯಾಕಲ್ಲ" ಎನ್ನುತ್ತಿದ್ದರು.

ಅವರು ಭೀಮಾ ನದಿಯ ಬ್ಯಾರೇಜಿನಲ್ಲಿ ಅಪ್ಪನ ಜೊತೆ ಕೆಲಸ ಮಾಡಿದವರು. ಗೇಟು ಎತ್ತುವ ಮೊದಲು ಸೈರನ್ ಆಗುತ್ತಿತ್ತು. ಚಾಚಾ ಅದನ್ನಷ್ಟೇ ನಂಬುತ್ತಿರಲಿಲ್ಲ. ಬಟ್ಟೆ ಒಗೆಯುವವರು, ಎಮ್ಮೆಯ ಮೈ ತೊಳೆಯುವವರು ಮೇಲೆ ಬಂದ ಮೇಲೆ, ಆಚೆ ದಂಡೆಯಿಂದ ಅಪ್ಪ "ಎಲ್ಲಾರೂ ಬಂದಾರೋ!" ಎಂದು ಕೂಗಬೇಕು. ಆಮೇಲೆಯೇ ಗೇಟು. ಅಪ್ಪ ಬರೀ ಕೈ ಬೀಸಿದರೆ ನಡೆಯುತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡೆನೋ, ಅವರಿಬ್ಬರ ಬಾಯಲ್ಲಿ ಕೇಳಿ ಕೇಳಿ ಕಂಡಂತಾಗಿದೆಯೋ, ಈಗ ಖಚಿತವಾಗಿ ಹೇಳಲಾರೆ.

ಅಪ್ಪ ತೀರಿಕೊಂಡ ದಿನ, ಅವರ ಹಣೆಗೆ ವಿಭೂತಿ ಹಚ್ಚು ಎಂದು ಹಿರಿಯರು ಹೇಳಿದಾಗ ನಾನು ಕೈಕಟ್ಟಿ ನಿಂತೆ. ವಿಶ್ವವಿದ್ಯಾಲಯದಲ್ಲಿ ಓದಿದ ಸೊಕ್ಕು. "ಇದೆಲ್ಲಾ ನಾಟಕ" ಎಂದೆ, ನೆರೆದವರ ಎದುರಿಗೇ. ಅಣ್ಣ ನನ್ನ ಕಡೆ ನೋಡದೆ, "ಇನ್ನ ನನ್ನ ಹೊಸ್ತಲಾ ತುಳೀಬ್ಯಾಡ" ಎಂದ. ಅವನು ಆಳಂದದಲ್ಲಿ, ನಾನು ಜೇವರ್ಗಿಯಲ್ಲಿ. ಎರಡು ವರ್ಷ ಮಾತಿಲ್ಲ.

ನಿವೃತ್ತರಾಗಿ ಅಫಜಲಪುರದಲ್ಲಿದ್ದ ಚಾಚಾರಿಗೆ ಮೊಣಕಾಲಿನ ಆಪರೇಷನ್ ಆಯಿತು. ಓಡಾಡದೆ ಕೂತಿರಲಿ ಎಂದು ಮಗಳು ಟಿವಿಗೆ ಹಚ್ಚುವ ಗೇಮ್ ಕನ್ಸೋಲ್ ತಂದುಕೊಟ್ಟಳು. ಅದರಲ್ಲೊಂದು ಆಕಾಶಯುದ್ಧದ ಆಟ. ಮೂವರು ತಮ್ಮ ತಮ್ಮ ಮನೆಯಲ್ಲೇ ಕೂತು, ಇಂಟರ್‌ನೆಟ್ಟಿನಲ್ಲಿ ಮೈಕಿನಲ್ಲಿ ಮಾತಾಡಿಕೊಳ್ಳುತ್ತ ಒಂದು ತಂಡವಾಗಿ ಆಡಬೇಕು. ಗೆದ್ದಷ್ಟೂ ನಮ್ಮ ಯೋಧರ ಬಲ, ಆಯುಧ ಬೆಳೆಯುತ್ತವೆ. ಪ್ರತಿ ಹಂತದ ಕೊನೆಗೆ ಒಂದು ಕಬ್ಬಿಣದ ಬಾಗಿಲು. ಅದು ತೆರೆದು ಮುಚ್ಚಿತೆಂದರೆ ಹಿಂದುಳಿದವನು ಹೊರಗೇ.

ನನ್ನ ಬಳಿಯೂ ಕನ್ಸೋಲ್ ಇತ್ತು. "ಐತ್ವಾರ ಮಧ್ಯಾಹ್ನ ಆಟಕ್ಕ ಬಾ. ಮೂರನೇದಾಂವ ಗುರ್ತಿನಾಂವೇ" ಎಂದರು ಚಾಚಾ. ಆಟ ಶುರುವಾಯಿತು. ಮೂರನೆಯವನು ಕೆಮ್ಮಿದ. ಅಣ್ಣನ ಕೆಮ್ಮು. ನಾನು ಮೈಕ್ ಬಂದ್ ಮಾಡಿದೆ, ಆಟ ಮಾತ್ರ ಬಿಡಲಿಲ್ಲ. ಚಾಚಾರಿಗೆ ಇಲ್ಲ ಎನ್ನುವುದು ಹೇಗೆ ಎಂದುಕೊಂಡೆ. ಅದೊಂದೇ ಕಾರಣವಾಗಿತ್ತೇ ಎಂದು ಈಗ ಅನುಮಾನ.

ಮೂರನೆಯ ಭಾನುವಾರವಿರಬೇಕು. ಚಾಚಾ ಬಾಗಿಲಿನ ಸನ್ನೆಕೋಲು ಹಿಡಿದು ನಿಂತಿದ್ದರು, ಅಣ್ಣ ಅವರ ಪಕ್ಕದಲ್ಲಿ. ನಾನು ಓಡಿ ಬಂದು ಮುಂದೆಯೇ ನಿಂತೆ. ಬಂದಿದ್ದೇನೆ ಎಂದು ತಿಳಿಸಲು ಎರಡು ಸಲ ಜಿಗಿದೆ. ಬಾಗಿಲು ತೆರೆಯಲಿಲ್ಲ. ಹಿಂದಿನಿಂದ ಶತ್ರು ಹಡಗುಗಳು ಇಳಿಯತೊಡಗಿದವು.

"ತೆಗೀರ್ರಿ ಚಾಚಾ! ಮೂರೂ ಮಂದಿ ಇದ್ದೇವಲ್ಲ!" ಅಣ್ಣ ಕಿರುಚಿದ.

"ದನಿ ಬಂದಿಲ್ಲ."

"ಕಣ್ಣಿಗಿ ಕಾಣಾಕತ್ತಾನಲ್ರೀ, ಮಂಗ್ಯಾನಂಗ ಜಿಗ್ಯಾಕತ್ತಾನ!"

"ಕಂಡ್ರ ನಡ್ಯಂಗಿಲ್ಲ ಬೇಟಾ. ನಿಮ್ಮಪ್ಪ ಎದುರಿಗೇ ಕಾಣ್ತಿದ್ದ. ಆದ್ರೂ ದನಿ ಬರೋತನಾ ನಾ ಗೇಟ ಎತ್ತಿಲ್ಲ."

ನಾನು ಮೈಕ್ ಚಾಲೂ ಮಾಡಿದೆ. "ಬಂದೇನಿ" ಎಂದೆ.

ಆಗ ಅಣ್ಣ, "ಬಾರಲೇ ತಮ್ಮಾ, ಲಗೂ ಒಳಗ ಬಾ" ಎಂದ. ಹಾಗೆಂದು ನನ್ನ ನೆನಪು. "ನಾ ಅಂದಿಲ್ಲಲೇ, ಅದು ಚಾಚಾ ಅಂದದ್ದು" ಎನ್ನುತ್ತಾನೆ ಅಣ್ಣ. ಇದನ್ನು ಇತ್ಯರ್ಥ ಮಾಡಲು ಯಾವ ದಾಖಲೆಯೂ ಇಲ್ಲ. ಇಬ್ಬರಿಗೂ ಚೆನ್ನಾಗಿ ನೆನಪಿರುವುದು ಇಷ್ಟೇ: ಬಾಗಿಲು ತೆರೆಯುವಷ್ಟರಲ್ಲಿ ಹಡಗುಗಳು ಮೂವರನ್ನೂ ಸುಟ್ಟುಹಾಕಿದವು, ಚಾಚಾ ಕೆಮ್ಮು ಬರುವಷ್ಟು ನಕ್ಕರು.

ಆ ವಾರವೇ ನಾನು ಆಳಂದಕ್ಕೆ ಹೋದೆ. ಹೊಸ್ತಿಲಲ್ಲಿ ನಿಂತು ಏನು ಹೇಳಬೇಕೆಂದು ತೋಚದೆ "ಬಂದೇನಿ" ಎಂದೇ ಅಂದೆ. ಅಣ್ಣ ಸರಿದು ದಾರಿ ಬಿಟ್ಟ.

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಕಬರಿಗೆ ಎಲ್ಲರೂ ಮೂರು ಹಿಡಿ ಮಣ್ಣು ಹಾಕುವಾಗ ನಾನು ಕೈಕಟ್ಟಿ ನಿಲ್ಲಲಿಲ್ಲ. ಅಣ್ಣ ನೋಡಿದ.

ಭಾನುವಾರ ಈಗಲೂ ಆಡುತ್ತೇವೆ. ಮೂರನೆಯ ಜಾಗಕ್ಕೆ ಆಟವೇ ಯಾರೋ ಅಪರಿಚಿತನನ್ನು ತಂದು ಕೂಡಿಸುತ್ತದೆ. ಅವನು ಬಾಗಿಲು ತೆರೆದು ಒಬ್ಬನೇ ಓಡಿಬಿಡುತ್ತಾನೆ. ಅಣ್ಣ ಓಡುವುದಿಲ್ಲ. ನಾನು ಪಕ್ಕದಲ್ಲೇ ನಿಂತಿರುವುದು ಕಂಡರೂ ಕೇಳುತ್ತಾನೆ:

"ಬಂದ್ಯೇನಲೇ?"

"ಬಂದೇನಿ."

ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.