ರಶೀದಾಬಿಯ ಕೈಬಳೆ

ಭಾಲ್ಕಿಯ ನಮ್ಮ ಪಕ್ಕದ ಮನೆಯ ಬಳೆಗಾರ್ತಿ ರಶೀದಾಬಿ ತೀರಿಕೊಂಡಿದ್ದಳು. ಮೈ ತೊಳೆಸುವ ಮುನ್ನ ಬಳೆ ತೆಗೆಯಬೇಕು, ಆದರೆ ಕೈ ಸೆಟೆದಿತ್ತು.

“ಕಲ್ಲ ತೊಗೊಂಡು ಒಡೀರಿ, ಹೊತ್ತಾಗ್ತದ,” ಎಂದಳು ಅವಳ ನಾದಿನಿ.

ನಾಲ್ಕು ಜನರೆದುರು ಎಂದೂ ಮಾತಾಡದ ನಾನು ಬಾಗಿಲಲ್ಲಿ ನಿಂತೇ ಅಂದೆ, “ಬ್ಯಾಡ್ರಿ ಆಪಾ, ನಾ ತೆಗಿತೇನಿ.”

ನನ್ನ ಗಂಡ ಸತ್ತ ದಿನ ನಮ್ಮವರು ನನ್ನ ಬಳೆ ಒಡೆಯಲು ಕಲ್ಲೆತ್ತಿದ್ದರು. “ತೊಡಿಸಿದಾಕಿ ನಾನ, ನಾನೇ ತೆಗಿತೇನಿ,” ಎಂದು ಒಂದೂ ಒಡೆಯದಂತೆ ಇಳಿಸಿದವಳು ರಶೀದಾಬಿ.

ಅವಳ ತಣ್ಣನೆಯ ಬೆರಳುಗಳಿಗೆ ಸಾಬೂನು ಹಚ್ಚಿ ಒಂದೊಂದೇ ಜಾರಿಸಿದೆ. ಕೊನೆಯದು ಒಡೆದು ಅವಳ ಮಣಿಕಟ್ಟು ಗೀರಿತು. ರಕ್ತ ಬರಲಿಲ್ಲ.

ಮೊಮ್ಮಕ್ಕಳೇ, ನನ್ನ ವಿಭೂತಿ ಡಬ್ಬಿಯಲ್ಲಿರುವ ಹಸಿರು ಗಾಜಿನ ಚೂರು ಅದೇ. ನಾನು ಹೋದ ಮೇಲೂ ಎಸೆಯಬೇಡಿ.