ಉಚ್ಚೆಂಗಮ್ಮ ಪೂಜೆಗಿಟ್ಟ ಆ್ಯಂಟಿಬಾಡಿ

ಕಂಪ್ಲಿಯ ಭತ್ತದ ಬೀಜದ ಚೀಲವನ್ನು ಹೆಗಲಿಗೇರಿಸಿಕೊಂಡು ಅಂಜಲಿ ಹೊಸಪೇಟೆಯ ಕಾಲೇಜೊಂದರ ಪ್ರಯೋಗಾಲಯಕ್ಕೆ ಮೊದಲ ಸಲ ಬಂದ ದಿನ, ಅಟೆಂಡರ್ ಉಚ್ಚೆಂಗಮ್ಮ ನೆಲ ಒರೆಸುತ್ತಿದ್ದಳು.

"ಅಕ್ಕಿ ಮಾಡಸಾಕ ಬಂದೀಯೇನವ್ವ? ಗಿರಣಿ ಆ ಕಡೆ ಐತಿ."

ಅಂಜಲಿ ನಕ್ಕಳು. ಅಂದಿನಿಂದ ಆಕೆಗೆ ಉಚ್ಚೆಂಗಮ್ಮ ಅಕ್ಕನಾದಳು.

ಹಳೆಯ ಬೀಜಗಳಲ್ಲಿ ಕೆಲವು ಮೊಳೆಯುತ್ತವೆ, ಕೆಲವು ಮೊಳೆಯುವುದಿಲ್ಲ. ಅದೇಕೆಂಬುದು ಅಂಜಲಿಯ ಸಂಶೋಧನೆ. ವರ್ಷ ಕಳೆದಂತೆ ಬೀಜದೊಳಗಿನ ಪ್ರೋಟೀನು ಕೆಡುತ್ತದೆ. ಅದನ್ನು ಸರಿಪಡಿಸುವ ಕಿಣ್ವವೊಂದು ಬೀಜದಲ್ಲೇ ಇರುತ್ತದೆ. ಅದು ಎಷ್ಟಿದೆಯೆಂದು ತಿಳಿಯಲು ಮೊಲದ ರಕ್ತದಿಂದ ತೆಗೆದ ಆ್ಯಂಟಿಬಾಡಿ ಬೇಕು. ಅದು ಆ ಕಿಣ್ವವನ್ನೇ ಹುಡುಕಿ ಅಂಟಿಕೊಂಡು, ಬಿಳಿಯ ಹಾಳೆಯ ಮೇಲೆ ಕಪ್ಪು ಗೆರೆಯಾಗಿ ತೋರಿಸುತ್ತದೆ.

"ಪೊಲೀಸ್ ನಾಯಿ ಹಂಗ ಅನ್ನು" ಎಂದಳು ಉಚ್ಚೆಂಗಮ್ಮ.

"ಹಂಗ ಅಕ್ಕ. ಆದ್ರ ಈ ನಾಯಿ ಫ್ರಿಜ್‌ನಾಗ ಇರಬೇಕು."

ಆಯುಧಪೂಜೆಗೆ ಅಂಜಲಿ ಊರಿಗೆ ಹೋಗಿದ್ದಳು. ಉಚ್ಚೆಂಗಮ್ಮ ಯಂತ್ರಗಳನ್ನೆಲ್ಲ ಒರೆಸಿ, ಕುಂಕುಮವಿಟ್ಟು, ಚೆಂಡು ಹೂ ಏರಿಸಿದಳು. ಹುಡುಗಿಯ ಕೆಲಸವೆಲ್ಲ ನಿಂತಿರುವುದು ಆ್ಯಂಟಿಬಾಡಿಯ ಪುಟ್ಟ ಸೀಸೆಯ ಮೇಲೆ. ಅದೊಂದನ್ನು ಬಿಡಲು ಮನಸ್ಸಾಗಲಿಲ್ಲ. ಮಂಗಳಾರತಿಯಾಗುವವರೆಗೆ ಮಾತ್ರವೆಂದು ಫ್ರಿಜ್ಜಿನಿಂದ ಹೊರಗೆ ತಂದಿಟ್ಟಳು. ಮಂಡಕ್ಕಿ ಹಂಚುವ ಗದ್ದಲದಲ್ಲಿ ಮರೆತು, ಮನೆಯ ಕಡೆಯ ಟಿ.ಬಿ. ಡ್ಯಾಂ ಬಸ್ಸು ಹತ್ತಿದಳು.

ರಜೆ ಮುಗಿದು ಬಾಗಿಲು ತೆರೆದಾಗ ಸೀಸೆ ಬಾಡಿದ ಹೂಗಳ ನಡುವೆ ಇತ್ತು. ಆಕೆ ಕುಂಕುಮ ಒರೆಸಿ ಅದನ್ನು ಫ್ರಿಜ್ಜಿಗೆ ಸೇರಿಸಿದಳು. ಕಂಡವರು ಯಾರೂ ಇರಲಿಲ್ಲ. ಆದರೆ ಅಂಜಲಿ ಬಂದು ಫ್ರಿಜ್ಜಿಗೆ ಕೈ ಹಾಕಿದಾಗ ಉಚ್ಚೆಂಗಮ್ಮನಿಗೆ ಸುಮ್ಮನಿರಲಾಗಲಿಲ್ಲ.

"ಅದನ್ನ ಹಾಕಬ್ಯಾಡವ್ವ. ಪೂಜಿಗೆ ಹೊರಗಿಟ್ಟು ಮರತಿದ್ದೆ."

ಅಂಜಲಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, "ಸರ್‌ಗೆ ಕರೆಂಟ್ ಹೋಗಿತ್ತು ಅಂತೀನಿ. ಗೊತ್ತಾದ್ರ ನಿನ್ನ ಕೆಲಸ ಹೋಗತೈತಿ. ನೀ ಸುಮ್ನಿರು" ಎಂದಳು.

"ಕರೆಂಟ್ ಎಲ್ಲಿ ಹೋಗಿತ್ತು? ನಾನೇ ಹೇಳತೀನಿ."

ಮಾರ್ಗದರ್ಶಕರಾದ ಜಂಬುನಾಥ ಸರ್ ಕೇಳಿ ಕೆಂಡವಾದರು. "ಇಷ್ಟು ವರ್ಷದಿಂದ ಇಲ್ಲಿದೀರಿ, ಇದು ತಿಳಿಯಲ್ಲೇನ್ರಿ?"

"ತಿಳೀತಿತ್ರಿ ಸರ್. ಮರತೆ."

ಆ ಆ್ಯಂಟಿಬಾಡಿಯನ್ನು ಹೊಸ ಬೀಜದ ಮೇಲೆ ಮೊದಲು ಪರೀಕ್ಷಿಸಬೇಕೆಂದು ಅವರು ಹೇಳಿದರು. ಹೊಸ ಬೀಜದಲ್ಲಿ ಕಿಣ್ವ ಹೇರಳ; ಅದರ ಗೆರೆ ಯಾವಾಗಲೂ ದಟ್ಟವಾಗಿಯೇ ಮೂಡುತ್ತಿತ್ತು. ಅಂದು ಉಚ್ಚೆಂಗಮ್ಮ ಬಸ್ಸಿಗೆ ಹೋಗದೆ ಬಾಗಿಲಲ್ಲೇ ನಿಂತಳು.

"ಬಂತಲ್ಲ ಗೆರಿ!"

"ಬಂದೈತಿ ಅಕ್ಕ. ಭಾಳ ಮಾಸಲು. ನಾಳಿ ಹಳೇ ಬೀಜದಾಗ ಗೆರಿ ಕಾಣಲಿಲ್ಲಂದ್ರ, ಕಿಣ್ವ ಇಲ್ಲೋ, ಇದು ಕೆಟ್ಟೈತೋ, ಹೆಂಗ ಹೇಳಲಿ?"

ಸೀಸೆಯನ್ನು ಎಸೆದರು. ಹೊಸದು ಬರಬೇಕಾಗಿ, ಅಂಜಲಿಯ ಕೆಲಸ ಬೇಸಿಗೆಯವರೆಗೆ ಮುಂದೆ ಹೋಯಿತು. ಉಚ್ಚೆಂಗಮ್ಮನ ನೌಕರಿ ಹೋಗಲಿಲ್ಲ. ಫ್ರಿಜ್ ಮಾತ್ರ ಆಕೆ ಇನ್ನು ತೆರೆಯಕೂಡದೆಂದು ಸರ್ ಕಟ್ಟಪ್ಪಣೆ ಮಾಡಿದರು.

ಈಗ ಹೊಸ ಸೀಸೆ ಬಂದಿದೆ. ಹಳೆಯ ಸೀಸೆಯ ಗೆರೆಗಳನ್ನು ಹೊಸದರ ಗೆರೆಗಳಿಗೆ ಹೋಲಿಸಲಾಗದೆಂದು ಅಂಜಲಿ ಬೀಜಗಳನ್ನೆಲ್ಲ ಮೊದಲಿನಿಂದ ಪರೀಕ್ಷಿಸುತ್ತಿದ್ದಾಳೆ. ಇಮ್ಮಡಿಯಾದ ಗಾಜಿನ ಸಾಮಾನನ್ನು ತೊಳೆದಿಡಲು ಉಚ್ಚೆಂಗಮ್ಮ ಬೆಳಗಿನ ಮೊದಲ ಬಸ್ಸಿಗೇ ಬರುತ್ತಾಳೆ. ಫ್ರಿಜ್ಜಿನ ಅಡಿಯ ಕಸವನ್ನೂ ಗುಡಿಸುತ್ತಾಳೆ; ಅದರ ಬಾಗಿಲನ್ನು ಮಾತ್ರ ಮುಟ್ಟುವುದಿಲ್ಲ.