ಚಾಚಾನ ಫೈಲಿನ ಕಡೆಯ ಪುಟ

ಮೊನ್ನೆ ಯಲಬುರ್ಗಾದ ಬಸ್ ಸ್ಟ್ಯಾಂಡಿನ ಹತ್ತಿರ ನಡೆದು ಹೋಗುವಾಗ ಒಂದು ಅಂಗಡಿಯಿಂದ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ ಬಂತು. ಕಾಲು ತಾನಾಗಿಯೇ ನಿಂತಿತು. ನಮ್ಮ ಪಕ್ಕದ ಮನೆಯ ಟೇಲರ್ ಚಾಚಾನ ಅಂಗಿಗೂ ಇದೇ ವಾಸನೆ ಇರುತ್ತಿತ್ತು...

ನನ್ನ ಶಾಲೆಯ ಲಂಗದಿಂದ ಮದುವೆಯ ಕುಪ್ಪಸದವರೆಗೆ ಎಲ್ಲವನ್ನೂ ಹೊಲಿದವರು ಅವರೇ. ಅಳತೆಯೆಲ್ಲ ತಲೆಯಲ್ಲೇ ಇರುತ್ತಿತ್ತು. ಓದಲು ಮಾತ್ರ ಬರುತ್ತಿರಲಿಲ್ಲ. ಮನೆಗೆ ಬಂದ ಕಾಗದವನ್ನೆಲ್ಲ ನನ್ನ ಹತ್ತಿರ ತರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರಿಗೆ ಹೊಟ್ಟೆನೋವು ಬಂದು ಕಣ್ಣು ಹಳದಿಯಾಯಿತು. ಚಾಚಿ ಕಾಮಾಲೆಯೆಂದು ಪಥ್ಯ ಮಾಡಿಸಿದರು. ಇಳಿಯದಾಗ ಹುಬ್ಬಳ್ಳಿಗೆ ಕರೆದೊಯ್ದರು. ಪಿತ್ತನಾಳದಲ್ಲಿ ದೊಡ್ಡ ಕಲ್ಲು ಸಿಕ್ಕಿಕೊಂಡಿತ್ತು. ಬಾಯಿಯಿಂದ ಕೊಳವೆ ಇಳಿಸಿದ ಡಾಕ್ಟರು, ಕಲ್ಲು ಒಂದೇ ಸಲಕ್ಕೆ ಬಾರದೆಂದು, ಪಿತ್ತ ಹರಿದು ಹೋಗಲು ಸ್ಟೆಂಟ್ ಎಂಬ ಸಣ್ಣ ಪ್ಲಾಸ್ಟಿಕ್ ನಳಿಕೆ ಇಟ್ಟು ಕಳಿಸಿದರು. ಹೊಟ್ಟೆ ಕೊಯ್ಯದೆಯೇ ಹಳದಿ ಇಳಿದಿದ್ದಕ್ಕೆ ಓಣಿಯವರಿಗೆಲ್ಲ ಬೆರಗು.

ಊರಿಗೆ ಬಂದ ಮರುದಿನ ಬೆಳಿಗ್ಗೆ ಚಾಚಾ ಫೈಲು ಹಿಡಿದು ಬಂದರು. "ಇದರಾಗ ಏನ್ ಬರದಾರ ನೋಡವ್ವ. ಡಾಕ್ಟರು ಹೇಳಿದ್ರು, ಆದ್ರ ನನಗ ಮಂಪರಿತ್ತು, ತಲ್ಯಾಗ ಉಳೀಲಿಲ್ಲ."

ನನಗೆ ಕೊಪ್ಪಳದ ಆಫೀಸಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. ಯಾವ ಗುಳಿಗೆ ಯಾವಾಗ ಎಂಬುದನ್ನಷ್ಟೇ ನಿಂತಲ್ಲೇ ಓದಿ ಹೇಳಿದೆ. "ಉಳಿದದ್ದು ಸಂಜಿಕ ನೋಡ್ತೀನ್ರಿ," ಎಂದೆ. ಆ ಸಂಜೆ ನೋಡಲಿಲ್ಲ. ಚಾಚಾ ಮತ್ತೆ ಕೇಳಲಿಲ್ಲ. ಆರಾಮಾಗಿ ಉಂಡು ತಿಂದು, ದಿನವಿಡೀ ಮಷೀನು ತುಳಿಯುತ್ತಿದ್ದರು. ನಾನೂ ಮರೆತೆ.

ಏಳೆಂಟು ತಿಂಗಳ ಮೇಲೆ ಅವರಿಗೆ ಚಳಿಜ್ವರ ಬಂತು. ಸಾದಾ ಜ್ವರವೆಂದು ಎರಡು ದಿನ ಮನೆಯಲ್ಲೇ ಕಳೆದರು. ಮೂರನೆಯ ದಿನ ಕಣ್ಣು ಮತ್ತೆ ಹಳದಿಯಾಗಿ ಮಾತು ತೊದಲತೊಡಗಿತು. ಹುಬ್ಬಳ್ಳಿಗೆ ಅವರ ಜೊತೆ ನಾನೂ ಹೋದೆ. ಸ್ಟೆಂಟ್ ಕಟ್ಟಿಕೊಂಡು ಒಳಗೆ ಕೀವಾಗಿ, ನಂಜು ರಕ್ತಕ್ಕೇರಿತ್ತು.

ಡಾಕ್ಟರು ಫೈಲಿನ ಕಡೆಯ ಪುಟ ತೆರೆದರು. ಇಂಗ್ಲಿಷಿನಲ್ಲಿ ಒಂದೇ ಸಾಲು.

"ಮೂರು ತಿಂಗಳಿಗೆ ಬರ್ರಿ, ಸ್ಟೆಂಟ್ ತಗೀಬೇಕು ಅಂತ ಬರದಿದ್ವಿ. ಯಾಕ ಬರಲಿಲ್ಲ?"

"ಅವರಿಗೆ ಓದಾಕ ಬರೂದಿಲ್ರಿ," ಎಂದರು ಚಾಚಿ.

ನಾನು ಪಕ್ಕದಲ್ಲೇ ನಿಂತಿದ್ದೆ.

ಅವತ್ತೇ ಮತ್ತೆ ಕೊಳವೆ ಇಳಿಸಿ ಹೊಸ ಸ್ಟೆಂಟ್ ಹಾಕಿದರು. ಆಮೇಲೆ ಚಾಚಾ ಬದುಕಿದ್ದು ಎರಡೇ ದಿನ...

ಚಾಚಿ ಈಗಲೂ ಪಕ್ಕದ ಮನೆಯಲ್ಲೇ ಇದ್ದಾರೆ. ಬಂದ ನೆಂಟರಿಗೆಲ್ಲ ನನ್ನನ್ನು ತೋರಿಸಿ, "ಅವರ ಕಡೀ ದಿನದಾಗ ನಮ್ಮ ಕೂಡ ಇದ್ದಾಕಿ ಈಕಿನ," ಅನ್ನುತ್ತಾರೆ. ಪ್ರತಿ ಸಲವೂ, ಇವತ್ತಾದರೂ ಹೇಳಿಬಿಡಬೇಕೆಂದೇ ಅವರ ಮನೆಗೆ ಹೋಗಿರುತ್ತೇನೆ. ಅವರು ಕೊಟ್ಟ ಚಹಾ ಕುಡಿದು ಎದ್ದು ಬರುತ್ತೇನೆ.